ಹಿಂದಿನ ಸೀಟಿನ ಹುಡುಗರು, ಬೈಕಿನ ಅಣ್ಣ, ಫೋನ್ ಎತ್ತದ ಹುಡುಗಿ

ಓದುಗರ ಪ್ರಶ್ನೆ: ನಮ್ಮದು ಅಂಕೋಲಾ ಕಡೆ ಸಮುದ್ರದ ದಂಡೆಯ ಹಳ್ಳಿ. ಮನೆಯವರು ಬೋಟಿಗೆ ಹೋಗುತ್ತಾರೆ, ನಾನು ಹೊಲಿಗೆ ಮಾಡುತ್ತೇನೆ. ಮಗ ಒಂಬತ್ತನೇ ತರಗತಿ. ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರುತ್ತಾನೆ. ಹೋದ ವರ್ಷವಿಡೀ ಬಸ್ಸಿನ ಹಿಂದಿನ ಸೀಟಿನ ದೊಡ್ಡ ಹುಡುಗರು ಇವನನ್ನು 'ಒಣ ಶೆಟ್ಲಿ' (ಒಣಗಿಸಿದ ಸಿಗಡಿ) ಎಂದು ಕರೆದು, ಚೀಲ ಮೂಸಿ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಕೈಯಲ್ಲಿದ್ದ ಹತ್ತಿಪ್ಪತ್ತು ರೂಪಾಯಿಯನ್ನೂ ಕಸಿಯುತ್ತಿದ್ದರು. ಮಾಸ್ತರಿಗೆ ಹೇಳಿದರೆ 'ಮಕ್ಕಳಾಟ, ಗಂಡುಹುಡುಗ ಸ್ವಲ್ಪ ಗಟ್ಟಿಯಾಗಲಿ ಬಿಡಿ' ಎಂದರು. ಈ ಆಗಸ್ಟ್‌ನಿಂದ ಎಲ್ಲ ನಿಂತಿದೆ. ಬೈಕಿನ ಅಣ್ಣ ಒಬ್ಬ ನಿಲ್ಲಿಸಿದನಂತೆ. ಈಗ ಮಗನಿಗೆ ಅವನೇ ಎಲ್ಲ. ಕಿವಿಗೆ ಹಾಕುವ ಬ್ಲೂಟೂತ್ ಕೊಡಿಸಿದ್ದಾನೆ, ಎರಡು ಭಾನುವಾರ ಗೋವಾ ಗಡಿಯ ಮಾಜಾಳಿ ಕಡೆ ಕರೆದುಕೊಂಡು ಹೋಗಿದ್ದ. ಕಳೆದ ವಾರ ಪ್ಯಾಂಟು ಒಗೆಯುವಾಗ ಕಿಸೆಯಲ್ಲಿ 500 ರೂಪಾಯಿಯ ನೋಟು ಸಿಕ್ಕಿತು. ಕೇಳಿದರೆ ಬಾಯಿ ಬಿಡುವುದಿಲ್ಲ. ಶಾಲೆ ಬಿಡಿಸಿ ಅಂಕೋಲಾಕ್ಕೆ ಹಾಕಲೇ? ಪೊಲೀಸರಿಗೆ ಹೇಳಿದರೆ ಇವನ ಭವಿಷ್ಯವೇ ಹಾಳಾಗುತ್ತದೆಯೇ? ಇನ್ನೊಂದು ವಿಷಯ. ನನ್ನ ಅಕ್ಕನ ಮಗಳು, 17 ವರ್ಷ, ಶಿರಸಿಯಲ್ಲಿ ರೂಮು ಮಾಡಿಕೊಂಡು ಪಿಯುಸಿ ಓದುತ್ತಿದ್ದಾಳೆ. ಯಾವುದೋ ಧ್ಯಾನದ ಗುಂಪು ಸೇರಿ ಮೀನು ಬಿಟ್ಟಿದ್ದಾಳೆ, ಚೌತಿಗೂ ಬರಲಿಲ್ಲ, ಅಕ್ಕನ ಫೋನ್ ಎತ್ತುವುದಿಲ್ಲ. ನಮ್ಮ ಮನೆಗೇ ಏನಾಗಿದೆ?

ಉತ್ತರ: ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಹುಡುಗನಿಗೆ ಹೊಡೆಯಬೇಡಿ. ಬಸ್ ಸ್ಟ್ಯಾಂಡಿಗೆ ಹೋಗಿ ಆ ಬೈಕಿನವನ ಕೊರಳಪಟ್ಟಿ ಹಿಡಿಯಬೇಡಿ, ತಮ್ಮನನ್ನೋ ಮೈದುನನನ್ನೋ ಕಳಿಸಿಯೂ ಹಿಡಿಸಬೇಡಿ. ಸಿಟ್ಟಿನಲ್ಲಿ ಬ್ಲೂಟೂತನ್ನು ಸಮುದ್ರಕ್ಕೆ ಎಸೆಯಬೇಡಿ, ನೋಟನ್ನೂ ಖರ್ಚು ಮಾಡಬೇಡಿ. ನೋಟು ಸಿಕ್ಕ ತಾರೀಕು, ಆ ಎರಡು ಭಾನುವಾರ ಅವನು ಹೋದ ಹೊತ್ತು, ಬಂದ ಹೊತ್ತು, ಇಷ್ಟನ್ನು ನಿಮ್ಮ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಒಂದಿದೆ. 'ಈ ಆಗಸ್ಟ್‌ನಿಂದ ಎಲ್ಲ ನಿಂತಿದೆ.' ತಾಯಂದಿರು ಈ ಮಾತನ್ನು ಸಮಾಧಾನದಿಂದ ಬರೆಯುತ್ತಾರೆ, ನನ್ನ ಎದೆ ಧಸಕ್ಕೆನ್ನುವುದು ಇಲ್ಲಿಯೇ. ವರ್ಷವಿಡೀ ನಡೆದ ಕಾಟ ಒಂದು ದಿನ ತಾನಾಗಿ ನಿಲ್ಲುವುದು ಅಪರೂಪ. ಯಾರೋ ನಿಲ್ಲಿಸಿರುತ್ತಾರೆ. ಶಾಲೆಯವರು ನಿಲ್ಲಿಸಿದ್ದರೆ ಲೆಕ್ಕ ಅಲ್ಲಿಗೆ ಚುಕ್ತಾ. ಬೈಕಿನವನು ನಿಲ್ಲಿಸಿದರೆ ಲೆಕ್ಕ ಆವತ್ತಿನಿಂದ ಶುರು.

ಆಗಸ್ಟ್ ಎಂಬುದೂ ಸುಮ್ಮನೆ ಬಂದಿಲ್ಲ. ಜೂನ್ 1 ರಿಂದ ಜುಲೈ 31 ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ನಿಮ್ಮ ಮನೆಯವರು ಮನೆಯಲ್ಲೇ ಇದ್ದಿರಬೇಕು. ನಿಷೇಧ ಮುಗಿಯಿತು, ಅಪ್ಪ ಬೋಟು ಹತ್ತಿದ, ಅಣ್ಣ ಬೈಕು ನಿಲ್ಲಿಸಿದ. ನಮ್ಮ ಕರಾವಳಿಯಲ್ಲಿ ಮಕ್ಕಳ ಇಂಥ ತೊಂದರೆಗಳನ್ನು ನೋಡುವ ಕೆಲಸ ಮಾಡುತ್ತ ಇಪ್ಪತ್ತು ವರ್ಷ ದಾಟಿದೆ ನನಗೆ. ಹೊಸ ಕೇಸುಗಳಿಗೂ ಒಂದು ಸೀಸನ್ ಇದೆ ಎಂದರೆ ನೀವು ನಂಬಲಿಕ್ಕಿಲ್ಲ.

ಮಗನದು ಎರಡು ತೊಂದರೆ, ಅಕ್ಕನ ಮಗಳದು ಮೂರನೆಯದು ಎಂಬಂತೆ ಬರೆದಿದ್ದೀರಿ. ನನಗೆ ಮೂರೂ ಒಂದೇ ನೂಲಿನ ಗಂಟುಗಳಂತೆ ಕಾಣುತ್ತವೆ. ಮೊದಲು ಯಾರೋ ಮಗುವನ್ನು ಒಂಟಿ ಮಾಡುತ್ತಾರೆ, ಇಲ್ಲವೇ ಊರು ಬಿಟ್ಟು ಬಂದು ಅದೇ ಒಂಟಿಯಾಗುತ್ತದೆ. ಆಮೇಲೆ ಯಾರೋ ಅದಕ್ಕೆ ಕೂರಲು ಜಾಗ ಕೊಡುತ್ತಾರೆ. ಕೊನೆಗೆ ಜಾಗ ಕೊಟ್ಟವರು ಬಾಡಿಗೆ ಕೇಳುತ್ತಾರೆ. ಹಾಗಾಗಿ 'ಕೆಟ್ಟ ಸಹವಾಸ' ಎಂಬ ನಮ್ಮ ಹಳೇ ಮಾತು ನನಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಸಹವಾಸ ಕೆಟ್ಟದ್ದೋ ಒಳ್ಳೆಯದೋ ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ನಾನು ಹುಡುಕುವುದು ಎರಡನ್ನು: ಗುಟ್ಟು ಮತ್ತು ಋಣ. ಮನೆಯಲ್ಲಿ ಹೇಳಬಾರದ ವಿಷಯ ಇದೆಯೇ? ತೀರಿಸಬೇಕಾದ ಉಪಕಾರ ಇದೆಯೇ? ಎರಡೂ ಒಟ್ಟಿಗೆ ಇದ್ದರೆ, ಎದುರಿಗಿರುವವನು ಬೈಕಿನವನಾಗಲಿ ಗುರುವಾಗಲಿ, ನಾನು ಎದ್ದು ಕೂರುತ್ತೇನೆ.

ಈಗ ಬಸ್ಸಿನ ವಿಷಯ. ಮಕ್ಕಳು ಜಗಳವಾಡುತ್ತಾರೆ, ಅಡ್ಡಹೆಸರು ಇಡುತ್ತಾರೆ, ಮರುದಿನ ಒಂದೇ ಐಸ್‌ಕ್ಯಾಂಡಿ ಚೀಪುತ್ತಾರೆ. ಅದಕ್ಕೆ ದೊಡ್ಡವರು ತಲೆ ಹಾಕಬೇಕಾಗಿಲ್ಲ. ಇಂಗ್ಲಿಷ್‌ನವರು ಬುಲ್ಲಿಯಿಂಗ್ ಎನ್ನುವುದು ಬೇರೆ. ನಮ್ಮಲ್ಲಿ 'ಗೋಳು ಹೊಯ್ದುಕೊಳ್ಳುವುದು' ಎಂದರೆ ಸುಮಾರು ಹತ್ತಿರ ಬರುತ್ತದೆ. ನಾರ್ವೆಯಲ್ಲಿ 1982 ರಲ್ಲಿ ಮೂವರು ಹುಡುಗರು ಸಹಪಾಠಿಗಳ ಕಾಟ ತಾಳದೆ ಜೀವ ಕಳೆದುಕೊಂಡರು. ಮರುವರ್ಷ ಇಡೀ ದೇಶದ ಶಾಲೆಗಳಲ್ಲಿ ಅದರ ವಿರುದ್ಧ ಆಂದೋಲನವೇ ನಡೆಯಿತು. ಆ ಕೆಲಸದಲ್ಲಿ ಮುಂದಿದ್ದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞ ಮೂರು ಗುರುತು ಹೇಳಿದ್ದಾನೆ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ತಿರುಗಿ ಬೀಳಲಾಗದವನಿಗೆ ಮಾಡುವುದು. ನಿಮ್ಮ ಮಗನ ಬಸ್ಸಿಗೆ ಮೂರೂ ಹೊಂದುತ್ತವೆ. ಮಾಸ್ತರು ಮಕ್ಕಳಾಟ ಎಂದದ್ದು ತಪ್ಪು.

ಚೀಲ ಮೂಸುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಹತ್ತು ರೂಪಾಯಿ ಕಸಿದದ್ದಕ್ಕಿಂತ ಇದು ದೊಡ್ಡದು. ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಂಡಾಗ ಆ ಹುಡುಗರು ಅಣಕಿಸುವುದು ಇವನ ಚೀಲವನ್ನಲ್ಲ, ಅಪ್ಪನ ಕೈಯನ್ನು, ಕೇರಿಯನ್ನು. ಮನೆಗೆ ಬಂದು ಇದನ್ನು ಹೇಳಬೇಕೆಂದರೆ, 'ಅಪ್ಪಾ, ನಿನ್ನಿಂದಾಗಿ ನನಗೆ ಹೀಗನ್ನುತ್ತಾರೆ' ಎಂದು ಹೇಳಿದಂತೆ. ಯಾವ ಹುಡುಗ ಹೇಳುತ್ತಾನೆ? ಜಾತಿ, ಬಣ್ಣ, ಕೊಂಕಣಿ ಬೆರೆತ ಕನ್ನಡ, ಉಗ್ಗು, ಅಪ್ಪನ ಕುಡಿತ, ಹೀಗೆ ಮನೆಯನ್ನೇ ಮುಟ್ಟುವ ಅಣಕ ಮನೆಯ ಬಾಗಿಲನ್ನೂ ಮುಚ್ಚಿಸುತ್ತದೆ. ಮಗು ಹೇಳುವುದಿಲ್ಲವೆಂದು ಸಿಟ್ಟಾಗುವ ಮುಂಚೆ ಇದನ್ನು ನೆನಪಿಡಿ. ನಿಮ್ಮ ಮಗ ನಿಮಗೆ ಇಷ್ಟು ಹೇಳಿದ್ದೇ ಹೆಚ್ಚು.

ಇನ್ನೊಂದು, ನನ್ನದೇ ತಪ್ಪಿನ ಕತೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಿಂದ ಕರೆ ಬಂತು. ಏಳನೇ ತರಗತಿಯ ಹುಡುಗನಿಗೆ ಮೂವರು ಸೇರಿ ಕಾಟ ಕೊಡುತ್ತಿದ್ದರು. ನಾನು ಹೊಸ ಉತ್ಸಾಹದಲ್ಲಿ ನಾಲ್ವರನ್ನೂ ಹೆಡ್ ಮಾಸ್ತರರ ಕೋಣೆಯಲ್ಲಿ ಎದುರುಬದುರು ಕೂರಿಸಿ, ಮಾತಾಡಿಸಿ, ಕೈ ಕುಲುಕಿಸಿ, ಪೆಪ್ಪರ್‌ಮಿಂಟ್ ಹಂಚಿ ಬಂದೆ. ಬಹಳ ಚೆನ್ನಾಗಿ ಆಯಿತು ಎಂದು ವರದಿಯನ್ನೂ ಬರೆದೆ. ಮರುದಿನ 'ಚಾಡಿಕೋರ' ಎಂದು ಹೊಸ ಹೆಸರಿಟ್ಟು ಶೌಚಾಲಯದ ಹಿಂದೆ ಅವನಿಗೆ ಹೊಡೆದರು. ದಸರೆ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಬೋಟಿನಲ್ಲಿ ಅಡುಗೆಯವನ ಕೈಕೆಳಗೆ ಸೇರಿಕೊಂಡ ಎಂದು ಆಮೇಲೆ ತಿಳಿಯಿತು. ಸಮಬಲದವರ ಜಗಳಕ್ಕೆ ರಾಜಿ ಸರಿ. ಒಬ್ಬನ ಮೇಲೆ ಮೂವರು ಬಿದ್ದಿರುವಾಗ ರಾಜಿ ಮಾಡಿಸುವುದೆಂದರೆ, ಪೆಟ್ಟು ತಿಂದವನ ಹೆಸರನ್ನು ಪೆಟ್ಟು ಕೊಟ್ಟವರಿಗೆ ಬರೆದುಕೊಟ್ಟಂತೆ. ಶಾಲೆಯವರು 'ಎದುರಿಗೆ ಕೂರಿಸಿ ಮುಗಿಸೋಣ' ಎಂದರೆ ದಯವಿಟ್ಟು ಒಪ್ಪಬೇಡಿ. 'ನೀನೂ ತಿರುಗಿ ಎರಡು ಬಿಡು' ಎಂಬ ಸೋದರಮಾವಂದಿರ ಸಲಹೆಯೂ ಬೇಡ. ಬಿಡಲು ಆಗುವಂತಿದ್ದರೆ ಅವನು ಹೋದ ವರ್ಷವೇ ಬಿಡುತ್ತಿದ್ದ.

ಹಾಗಾದರೆ ಏನು ಮಾಡುವುದು? ಬಾಯಿಮಾತು ಸಾಕು, ಇನ್ನು ಕಾಗದ. ಮುಖ್ಯೋಪಾಧ್ಯಾಯರಿಗೆ ಒಂದು ಪುಟ ಬರೆಯಿರಿ. 'ನನ್ನ ಮಗನಿಗೆ ತೊಂದರೆ ಕೊಡುತ್ತಾರೆ' ಎಂದು ಬರೆದರೆ ಅದು ಫೈಲಿಗೆ ಹೋಗುತ್ತದೆ. 'ಬೆಳಿಗ್ಗೆ ಇಷ್ಟು ಗಂಟೆಯ ಬಸ್ಸು, ಇಂಥ ಸ್ಟಾಪಿನಿಂದ ಇಂಥ ಸ್ಟಾಪಿನವರೆಗೆ, ಹಿಂದಿನ ಸೀಟು, ಇಂಥ ತರಗತಿಯ ಮೂವರು, ಈ ಮಾತು, ಈ ಕೆಲಸ' ಎಂದು ಬರೆದರೆ ಯಾರಾದರೂ ಎದ್ದು ಹೋಗಿ ನೋಡಬೇಕಾಗುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇದೆಯೇ, ಯಾರು ಯಾರು ಇದ್ದಾರೆ ಎಂದು ಅಲ್ಲೇ ನಿಂತು ಕೇಳಿ. ಎರಡು ವಾರದಲ್ಲಿ ಏನೂ ಆಗದಿದ್ದರೆ ಅದೇ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. 'ಬಸ್ಸಿನಲ್ಲಿ ಆಗುವುದಕ್ಕೆ ನಾವೇನು ಮಾಡೋಣ' ಎಂದು ಶಾಲೆಯವರು ಅನ್ನುತ್ತಾರೆ, ಅನ್ನದೇ ಇರುವುದಿಲ್ಲ. ಆಗ ಡಿಪೋ ಮ್ಯಾನೇಜರಿಗೂ ಒಂದು ಪ್ರತಿ. ನನ್ನ ಅನುಭವದಲ್ಲಿ ಕಂಡಕ್ಟರುಗಳು ಈ ವಿಷಯದಲ್ಲಿ ಶಾಲೆಗಳಿಗಿಂತ ಚುರುಕು. ಯಾರು ಪಾಸಿನವರು, ಯಾರು ಎಲ್ಲಿ ಇಳಿಯುತ್ತಾರೆ, ಯಾರು ಯಾರ ಚೀಲ ಹೊರುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. 'ನಮ್ಮ ಹುಡುಗ ಮುಂದಿನ ಬಾಗಿಲಿನ ಹತ್ತಿರ ಕೂರಲಿ, ಸ್ವಲ್ಪ ನೋಡಿಕೊಳ್ಳಿ ಅಣ್ಣಾ' ಎಂದರೆ ಬಹಳಷ್ಟು ಜನ ನೋಡಿಕೊಳ್ಳುತ್ತಾರೆ.

ಬಸ್ಸಿನಲ್ಲಿ ಉಳಿದ ನಲವತ್ತು ಮಕ್ಕಳೂ ಇದ್ದರಲ್ಲ. ಹಿಂದಿನ ಸೀಟಿನವರ ಬಲ ಅವರ ತೋಳಲ್ಲಿಲ್ಲ, ಉಳಿದವರ ನಗುವಿನಲ್ಲಿದೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದವರು ರೂಪಿಸಿದ ಕಿವಾ ಎಂಬ ಶಾಲಾ ಕಾರ್ಯಕ್ರಮದ ತಿರುಳೇ ಇದು: ನೋಡುತ್ತ ನಿಂತವರನ್ನು ತಿದ್ದು, ಕಾಟ ಕೊಡುವವನಿಗೆ ಸಭೆ ಇಲ್ಲದಂತಾಗುತ್ತದೆ. ನಮ್ಮಲ್ಲಿ ಅಂಥ ದೊಡ್ಡ ಏರ್ಪಾಟು ಬೇಡ. ನಿಮ್ಮ ಊರಿನಿಂದ ಅದೇ ಬಸ್ಸಿಗೆ ಹತ್ತುವ ಇನ್ನೊಂದು ಗಟ್ಟಿ ಹುಡುಗಿಯೋ ಹುಡುಗನೋ ಇದ್ದರೆ, ಇವನ ಪಕ್ಕ ಕೂತು ಬರಲು ಹೇಳಿ. ಜೊತೆಗೊಬ್ಬರು ಇದ್ದಾರೆ ಎಂದಾದರೆ ಮೂಸುವವರ ಉಮೇದು ಅರ್ಧ ಇಳಿಯುತ್ತದೆ.

ಅಣ್ಣನ ಕತೆಗೆ ಬರೋಣ. ಇವನು ಕೆಟ್ಟವನೆಂದು ನನಗೆ ಗೊತ್ತಿಲ್ಲ. ಮಾಜಾಳಿಗೆ ಹೋದವರೆಲ್ಲ ಗಡಿ ದಾಟಿ ಗೋವಾದ ಬಾಟಲಿ ತರಲು ಹೋಗುವುದಿಲ್ಲ. ಎಳ್ಳಿನಂಥ ಕರಿಮರಳು ನೋಡಲು ತಿಳಮಾತಿ ಕಡಲತೀರಕ್ಕೂ ಹೋಗುತ್ತಾರೆ. ಆದರೆ ತಿಳಮಾತಿ ನೋಡಿ ಬಂದ ಹುಡುಗನ ಕಿಸೆಯಿಂದ 500 ರೂಪಾಯಿ ಖರ್ಚಾಗಿರುತ್ತದೆ, ಬಂದಿರುವುದಿಲ್ಲ.

ಗೋವಾದಲ್ಲಿ ಮದ್ಯ ಅಗ್ಗ, ಇಲ್ಲಿ ದುಬಾರಿ. ಕಾರವಾರದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ನಾಕಾದಲ್ಲಿ ಬೈಕಿನ ಡಿಕ್ಕಿ ತೆಗೆಸುತ್ತಾರೆ, ಹಿಂದೆ ಕೂತ ಶಾಲೆಯ ಹುಡುಗನ ಬೆನ್ನಿನ ಚೀಲ ತೆಗೆಸುವುದು ಕಡಿಮೆ. ಗಾಂಜಾ ಪೊಟ್ಟಣಕ್ಕೂ ಇದೇ ಲೆಕ್ಕ. ಮಕ್ಕಳನ್ನು ಹಿಡಿಯುವವರು ಮೊದಲ ದಿನವೇ ಪೊಟ್ಟಣ ಕೊಡುವುದಿಲ್ಲ. ಮೊದಲು ಕಾಪಾಡುತ್ತಾರೆ. ಆಮೇಲೆ ಚಿಕನ್ ರೋಲು, ಬೈಕಿನಲ್ಲಿ ಒಂದು ಸುತ್ತು, ಬ್ಲೂಟೂತು. ಆಮೇಲೆ ಒಂದು ಸಣ್ಣ ಕೆಲಸ, ತಪ್ಪೇನೂ ಅಲ್ಲದ್ದು: 'ಈ ಚೀಲ ಆ ಅಂಗಡಿಯಲ್ಲಿ ಕೊಟ್ಟು ಬಾ.' ಅದರಲ್ಲಿ ಏನೂ ಇರುವುದಿಲ್ಲ. ನೋಡುವುದು ಇಷ್ಟೇ, ಇವನು ಚೀಲ ಬಿಚ್ಚಿ ನೋಡಿದನೇ, ಮನೆಯಲ್ಲಿ ಹೇಳಿದನೇ. ಎರಡೂ ಮಾಡದಿದ್ದರೆ ಮುಂದಿನ ಚೀಲದಲ್ಲಿ ಏನಾದರೂ ಇರುತ್ತದೆ. ಅದನ್ನು ಮುಟ್ಟಿಸಿದ ದಿನ ಮಾತಿನ ಧಾಟಿ ಬದಲಾಗುತ್ತದೆ: 'ನೀನೂ ಇದರಲ್ಲಿದ್ದೀಯ, ಹೇಳಿದರೆ ಮೊದಲು ಹೋಗುವವನು ನೀನು.' ಕೆಲವು ಕಡೆ ಹಿಂದಿನ ಸೀಟಿನವರೂ ಬೈಕಿನವನೂ ಒಂದೇ ಗುಂಪಿನವರು. ಕಾಟ ಕೊಡಿಸುವವನೂ ಅವನೇ, ಬಿಡಿಸುವವನೂ ಅವನೇ. ನಿಮ್ಮಲ್ಲಿ ಹಾಗೆಯೇ ಎಂದು ನಾನು ಹೇಳುತ್ತಿಲ್ಲ, ಕಣ್ಣಿಟ್ಟಿರಿ.

ಕಾಲೇಜಿಗೆ ಹೋಗುವ ಮಕ್ಕಳಿರುವವರಿಗೂ ಇಲ್ಲೇ ಒಂದು ಮಾತು ಹಾಕಿಬಿಡುತ್ತೇನೆ. ಈಗ ಚೀಲ ಹೊರಿಸುವ ಬದಲು ಬ್ಯಾಂಕ್ ಖಾತೆ ಹೊರಿಸುತ್ತಾರೆ. 'ನಿನ್ನ ಎಟಿಎಂ ಕಾರ್ಡು, ಸಿಮ್ಮು ಒಂದು ತಿಂಗಳು ಕೊಡು, ಎರಡು ಸಾವಿರ ಕೊಡ್ತೇನೆ' ಎಂದು ಕೇಳಿದರೆ, ಆ ಖಾತೆಯಲ್ಲಿ ಎಲ್ಲೋ ಯಾರೋ ಮೋಸ ಹೋದ ದುಡ್ಡು ಹರಿಯುತ್ತದೆ ಎಂದೇ ಅರ್ಥ. ಕೊಟ್ಟಿದ್ದಾರೆಂದು ತಿಳಿದ ಕೂಡಲೇ ಬ್ಯಾಂಕಿಗೆ ಹೋಗಿ ಖಾತೆ ತಡೆಹಿಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930 ಕ್ಕೆ ತಿಳಿಸಿ.

ಮಗನ ಹತ್ತಿರ ಹೇಗೆ ಮಾತಾಡುವುದು? ಎದುರಿಗೆ ಕೂರಿಸಿಕೊಂಡು 'ನಿಜ ಹೇಳು' ಎಂದರೆ ಅದು ಠಾಣೆಯಾಗುತ್ತದೆ. ಪಕ್ಕ ಪಕ್ಕ ಕೂತು, ಕೈಗೆ ಬೇರೆ ಕೆಲಸ ಇದ್ದಾಗ ಮಕ್ಕಳ ಬಾಯಿ ತೆರೆಯುತ್ತದೆ. ನೀವು ಮಷಿನ್ ತುಳಿಯುವಾಗ ಅವನಿಗೆ ಗುಂಡಿ ಹಾಕಲು ಕೊಡಿ, ಇಲ್ಲವೇ ಬಂಗಡೆ ಕೊಯ್ಯುವಾಗ ನೀರು ಹಾಕಲು ಕರೆಯಿರಿ. ಕಣ್ಣು ಕೂಡಿಸುವ ಗೋಜು ಬೇಡ. ಆಗ ಹೀಗೆ ಹೇಳಿ ನೋಡಿ: 'ಆ ಅಣ್ಣ ನಿನ್ನ ಬಿಡಿಸಿದ್ದು ಒಳ್ಳೇದೇ ಆಯ್ತು. ಅದು ನಾವು ಮಾಡಬೇಕಿದ್ದ ಕೆಲಸ. ನಮ್ಮಿಂದ ಆಗಲಿಲ್ಲ.'

ಇದನ್ನು ಹೇಳಲು ಗಂಟಲು ಕಟ್ಟುತ್ತದೆ ಎಂದು ಗೊತ್ತು. ಆದರೂ ಇದನ್ನೇ ಹೇಳಬೇಕು, ಯಾಕೆಂದರೆ ಅವನ ಮನಸ್ಸಿನಲ್ಲಿ ಓಡುತ್ತಿರುವ ಲೆಕ್ಕ ಇದೇ. ಅಣ್ಣನನ್ನು ಬೈದರೆ ಅವನು ಅಣ್ಣನ ಪರ ವಕಾಲತ್ತು ಮಾಡಬೇಕಾಗುತ್ತದೆ. ಒಪ್ಪಿಕೊಂಡರೆ ವಕಾಲತ್ತಿಗೆ ಕೆಲಸವಿಲ್ಲ. ಆಮೇಲೆ ಒಂದೇ ಪ್ರಶ್ನೆ, 'ಅವನು ನಿನ್ನ ಹತ್ತಿರ ಏನಾದರೂ ಕೇಳ್ತಾನಾ?' ಕೇಳಿ ಸುಮ್ಮನಿರಿ. ಮಷಿನ್ ತುಳಿಯುತ್ತಿರಿ. ಆವತ್ತು ಹೇಳದಿದ್ದರೆ ಮೂರನೇ ದಿನ ಹೇಳುತ್ತಾನೆ. 'ಯಾರಿಗೂ ಹೇಳುವುದಿಲ್ಲ, ಆಣೆ' ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲು ಆಗಲಿಕ್ಕಿಲ್ಲ. 'ಏನು ಮಾಡುವುದಿದ್ದರೂ ಮೊದಲು ನಿನಗೆ ಹೇಳಿ ಮಾಡ್ತೇನೆ' ಎನ್ನಿ, ಹಾಗೆಯೇ ಮಾಡಿ. ಅಪ್ಪನಿಗೂ ಹೇಳಲೇಬೇಕು, ಆದರೆ ಬೋಟಿಗೆ ಫೋನ್ ಮಾಡಿ ಅಲ್ಲ. ನಡುಗಡಲಿನಲ್ಲಿ ಅರ್ಧ ಕೇಳಿಸಿಕೊಂಡ ಗಂಡಸಿಗೆ ದಡಕ್ಕೆ ಬರುವಷ್ಟರಲ್ಲಿ ಸಿಟ್ಟು ಮಾತ್ರ ಉಳಿದಿರುತ್ತದೆ. ಮನೆಗೆ ಬಂದು ಊಟವಾದ ಮೇಲೆ ಹೇಳಿ. ಈ ನಡುವೆ ಹುಡುಗ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, 'ನಾನಿಲ್ಲದಿದ್ದರೇ ಒಳ್ಳೇದು' ಎಂಬಂಥ ಮಾತು ಆಡಿದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಪೊಲೀಸರಿಗೆ ಹೇಳಿದರೆ ಭವಿಷ್ಯ ಹಾಳೇ ಎಂದು ಕೇಳಿದ್ದೀರಿ. ಮಕ್ಕಳನ್ನು ಹಿಡಿಯುವವರು ಬಂಡವಾಳ ಮಾಡಿಕೊಳ್ಳುವುದು ಈ ಹೆದರಿಕೆಯನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2015 ರ ಬಾಲನ್ಯಾಯ ಕಾಯ್ದೆಯ ಕಲಂ 78 ರ ಪ್ರಕಾರ ಮದ್ಯ ಅಥವಾ ಮಾದಕ ವಸ್ತು ಸಾಗಿಸಲು, ಮಾರಲು ಮಗುವನ್ನು ಬಳಸಿದವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ದೊಡ್ಡವರು ಮಕ್ಕಳನ್ನು ಒಬ್ಬೊಬ್ಬರಾಗಿಯೋ ಗ್ಯಾಂಗಾಗಿಯೋ ಅಕ್ರಮ ಕೆಲಸಕ್ಕೆ ಬಳಸಿದರೆ ಕಲಂ 83 ರಡಿ 7 ವರ್ಷದವರೆಗೆ ಸಜೆ, 5 ಲಕ್ಷ ದಂಡ. ಅಂದರೆ ಬೈಕಿನವನು 18 ದಾಟಿದವನಾಗಿದ್ದರೆ, 'ಮೊದಲು ಹೋಗುವವನು ನೀನು' ಎಂಬುದು ಹಸಿ ಸುಳ್ಳು. ಮೊದಲು ಹೋಗುವವನು ಅವನೇ.

ನಿಮ್ಮ ಮಗ ಏನಾದರೂ ಹೊತ್ತಿದ್ದಾನೆ ಎಂದೇ ಇಟ್ಟುಕೊಳ್ಳಿ. ಆಗಲೂ ಅವನ ವಿಷಯ ಹೋಗುವುದು ಬಾಲನ್ಯಾಯ ಮಂಡಳಿಗೆ, ದೊಡ್ಡವರ ಕೋರ್ಟಿಗಲ್ಲ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ಈ ವಯಸ್ಸಿನ ಹುಡುಗನ ಮೇಲಿನ ಪ್ರಕರಣ ಮುಂದೆ ಓದಿಗೆ, ಕೆಲಸಕ್ಕೆ ಅನರ್ಹತೆಯಾಗಿ ಅಂಟಿಕೊಳ್ಳಬಾರದು ಎಂದು ಅದೇ ಕಾಯ್ದೆ ಹೇಳುತ್ತದೆ. ಇನ್ನೂ ಏನೂ ಹೊರದ ಮಗು, ಅಂಥ ಜಾಲಕ್ಕೆ ಬೀಳುವ ಅಪಾಯದಲ್ಲಿ ಮಾತ್ರ ಇದ್ದರೆ, ಅದು 'ರಕ್ಷಣೆ ಮತ್ತು ಪೋಷಣೆ ಬೇಕಾದ ಮಗು'. ಅದನ್ನು ನೋಡಿಕೊಳ್ಳಲು ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ.

ನೇರ ಠಾಣೆಗೆ ಹೋಗಲು ಕಾಲು ಬರದಿದ್ದರೆ ಮಕ್ಕಳ ಸಹಾಯವಾಣಿ 1098 ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ಅವರು ಯಾವಾಗ, ಎಲ್ಲಿ, ಯಾರು, ಎಷ್ಟು ಸಲ ಎಂದು ಕೇಳುತ್ತಾರೆ. ಅಳತೆ ಪುಸ್ತಕದ ಕೊನೆಯ ಹಾಳೆ ಬೇಕಾಗುವುದು ಅಲ್ಲಿ. ಬೆದರಿಕೆ ಬಂದರೆ, ಮನೆಯ ಹತ್ತಿರ ಬೈಕು ಸುತ್ತಲು ಶುರುವಾದರೆ, ಕಾಯಬೇಡಿ, ತುರ್ತು ಸಹಾಯದ 112 ಕ್ಕೆ ಫೋನ್ ಮಾಡಿ.

ಶಾಲೆ ಬದಲಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ: ಈಗ ಬೇಡ. ಈಗ ಬದಲಿಸಿದರೆ ಅವನಿಗೆ ಅರ್ಥವಾಗುವುದು 'ತಪ್ಪು ನನ್ನದು, ಅದಕ್ಕೆ ನನ್ನನ್ನೇ ಎತ್ತಿ ಹಾಕಿದರು' ಎಂದು. ಹಿಂದಿನ ಸೀಟಿನವರು ಅಲ್ಲೇ ಇರುತ್ತಾರೆ. ಬೈಕಿಗೆ ಕಾರವಾರವೂ ಅಂಕೋಲಾವೂ ಒಂದೇ ದೂರ. ಕೆಲವು ವಾರ ಮುಂಚಿನ ಬಸ್ಸು ಹಿಡಿಯಲಿ, ಸಂಜೆ ಸ್ಟಾಪಿನಲ್ಲಿ ಮನೆಯವರು ಯಾರಾದರೂ ನಿಂತಿರಲಿ. ಕಾಗದ ಕೊಟ್ಟ ಮೇಲೂ ಶಾಲೆ ಅಲುಗಾಡದಿದ್ದರೆ, ಹುಡುಗನೇ ಬೇಡ ಎಂದರೆ, ಆಗ ಟಿ.ಸಿ. ತೆಗೆಸಿ. ಬಿಟ್ಟ ಜಾಗವನ್ನು ಖಾಲಿ ಬಿಡಬೇಡಿ, ಭಾನುವಾರದ ಮಧ್ಯಾಹ್ನಕ್ಕೆ ಏನಾದರೂ ಬೇಕು. ನಿಮ್ಮ ಕಡೆ ಕಬಡ್ಡಿ ಆಡಿಸುವ ಯುವಕ ಮಂಡಳ ಇರುತ್ತದೆ, ಯಕ್ಷಗಾನದ ಹೆಜ್ಜೆ ಕಲಿಸುವವರು ಇರುತ್ತಾರೆ. ಅವನಿಗೆ ಮೊದಲು ಯಾವುದು ಇಷ್ಟವಿತ್ತು ಎಂಬುದು ನಿಮಗೇ ಗೊತ್ತು. ಆದರೆ ಅಲ್ಲೂ ಕಲಿಸುವವರು ಯಾರು, ಬೇರೆ ತಂದೆತಾಯಿಯರು ಹೋಗಿ ಕೂರುತ್ತಾರಾ ಎಂದು ಒಮ್ಮೆ ನೋಡಿ ಬನ್ನಿ.

ಇನ್ನು ನಿಮ್ಮ ಅಕ್ಕನ ಮಗಳು. ಪತ್ರದಲ್ಲಿ ಮೀನು ಬಿಟ್ಟದ್ದನ್ನು ಮೊದಲು ಬರೆದಿದ್ದೀರಿ, ಫೋನ್ ಎತ್ತದ್ದನ್ನು ಕೊನೆಗೆ. ನಾನು ತಿರುವುಮುರುವು ಮಾಡುತ್ತೇನೆ. ಮೀನು ಬಿಡಲಿ, ಬೆಳಗಿನ ಜಾವ ಎದ್ದು ಕಣ್ಣು ಮುಚ್ಚಿ ಕೂರಲಿ, ಬಿಳಿ ಬಟ್ಟೆ ಉಡಲಿ, ಅದು ಅವಳ ಭಕ್ತಿ. ನಮ್ಮ ಜಿಲ್ಲೆಯಲ್ಲಿ ಭಕ್ತಿಗೆ ಹೆದರಿದರೆ ಆಗುತ್ತದೆಯೇ? ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಇಡೀ ಶಿರಸಿ ತುಂಬುತ್ತದೆ, ಹರಕೆ ಹೊತ್ತವರು ಬರುತ್ತಾರೆ, ಉಪವಾಸ ಮಾಡಿದವರು ಬರುತ್ತಾರೆ. ಜಾತ್ರೆ ಮುಗಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಇಲ್ಲಿ ಕೇಳಬೇಕಾದದ್ದೂ ಅದೇ. ಮನೆಗೆ ಹೋಗಲು ಬಿಡುತ್ತಾರೆಯೇ?

ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್ 1961 ರಲ್ಲಿ, ಮನುಷ್ಯನ ಮನಸ್ಸನ್ನು ಪೂರ್ತಿ ಹಿಡಿದುಕೊಳ್ಳುವ ಗುಂಪುಗಳಿಗೆ ಎಂಟು ಲಕ್ಷಣ ಬರೆದ. ಅದರಲ್ಲಿ ಮೊದಲನೆಯದು ಹೊರಗಿನ ಮಾತು ಒಳಗೆ ಬಾರದಂತೆ ನೋಡಿಕೊಳ್ಳುವುದು. ಹಬ್ಬ ತಪ್ಪಿಸುವುದು, ಫೋನ್ ಬಿಡಿಸುವುದು, 'ಮನೆಯವರು ನಿನ್ನ ಸಾಧನೆಗೆ ಅಡ್ಡಿ' ಎನ್ನುವುದು, ಎಲ್ಲ ಆ ಗೋಡೆಯ ಕಲ್ಲುಗಳೇ. ಜೊತೆಗೆ ನಿದ್ದೆ ಕಡಿಮೆ ಮಾಡಿಸುತ್ತಾರೆಯೇ, ದುಡ್ಡು ಕೇಳುತ್ತಾರೆಯೇ, ಅನುಮಾನ ಹೇಳಿದವರನ್ನು ಎಲ್ಲರ ಎದುರು ತಗ್ಗಿಸುತ್ತಾರೆಯೇ, ಓದು ಬಿಡಲು ಹೇಳುತ್ತಾರೆಯೇ, ಗುರುವಿನ ಜೊತೆ ಒಂಟಿಯಾಗಿ ಇರಬೇಕೆನ್ನುತ್ತಾರೆಯೇ, ಇವನ್ನು ನೋಡಿ. ಒಳ್ಳೆಯ ಮಠದಲ್ಲಿ, ಒಳ್ಳೆಯ ಚರ್ಚಿನಲ್ಲಿ, ಒಳ್ಳೆಯ ಮದರಸಾದಲ್ಲಿ ನೀವು ಹೋಗಿ ಪ್ರಶ್ನೆ ಕೇಳಿದರೆ ಚಹಾ ಕೊಟ್ಟು ಉತ್ತರ ಹೇಳುತ್ತಾರೆ.

ಇಂಥ ಕಡೆ ಹುಚ್ಚರು, ದಡ್ಡರು ಸೇರುತ್ತಾರೆ ಎಂಬುದು ತಪ್ಪು ಗ್ರಹಿಕೆ. 1978 ರ ನವೆಂಬರ್ 18 ರಂದು ದಕ್ಷಿಣ ಅಮೆರಿಕದ ಗಯಾನಾದಲ್ಲಿ ಜಿಮ್ ಜೋನ್ಸ್ ಎಂಬವನ ಹಿಂಬಾಲಕರು 900 ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ವಿಷದಿಂದ. ಅವರಲ್ಲಿ ಸುಮಾರು 300 ಮಕ್ಕಳು. ಅಷ್ಟು ಜನ ಅವನನ್ನು ಸೇರಿದ್ದು ಸಾಯಲು ಅಲ್ಲ. ಕರಿಯರೂ ಬಿಳಿಯರೂ ಒಟ್ಟಿಗೆ ಕೂರುವ, ಬಡವರಿಗೆ ಊಟ ಹಾಕುವ ಸಭೆ ಎಂದು ಸೇರಿದ್ದರು. ಹದಿನೇಳರ ಹುಡುಗಿ ಕರಾವಳಿಯಿಂದ ಘಟ್ಟದ ಮೇಲೆ ಬಂದು, ಒಬ್ಬಳೇ ರೂಮಿನಲ್ಲಿ ಮಳೆಗಾಲ ಕಳೆದು, ಕ್ಲಾಸಿನಲ್ಲಿ ಗುರುತಿನವರಿಲ್ಲದೆ ಕೂತಿದ್ದಾಗ ಯಾರೋ ಬಂದು 'ನೀನು ವಿಶೇಷ ಆತ್ಮ' ಎಂದರೆ, ಅವಳು ನಂಬಿದ್ದರಲ್ಲಿ ಆಶ್ಚರ್ಯವೇನಿದೆ? ನಿಮ್ಮ ಮಗನ ಬೈಕು ಯಾವುದೋ, ಅವಳ ಧ್ಯಾನವೂ ಅದೇ.

ಹಾಗಾಗಿ ಅಕ್ಕನಿಗೆ ಹೇಳಿ, ಗುರುವನ್ನು ಬೈದು ಮೆಸೇಜು ಕಳಿಸುವುದನ್ನು ಇಂದೇ ನಿಲ್ಲಿಸಲಿ. 'ನೋಡಿದೆಯಾ, ಮನೆಯವರು ಹೀಗೇ ಅನ್ನುತ್ತಾರೆ ಎಂದು ಮೊದಲೇ ಹೇಳಿದ್ದೆ' ಎನ್ನಲು ಅವರಿಗೆ ಅದೇ ಸಾಕು. ಅವಳಿಗೆ ಇನ್ನೂ 18 ತುಂಬಿಲ್ಲ, ಅವಳನ್ನು ಹೋಗಿ ನೋಡಲು, ಕಾಲೇಜಿನಲ್ಲಿ ಹಾಜರಿ ವಿಚಾರಿಸಲು, ರೂಮಿನ ಮಾಲೀಕರನ್ನು ಕೇಳಲು ತಾಯಿಗೆ ಪೂರ್ತಿ ಹಕ್ಕಿದೆ. ಆ ಗುಂಪಿನಲ್ಲಿ ಯಾರಾದರೂ ಅವಳ ಮೈ ಮುಟ್ಟಿದ್ದಾರೆ ಎಂಬ ಸುಳಿವು ಸಿಕ್ಕರೆ ಮರ್ಯಾದೆಯ ಮಾತು ಬೇಡ. 2012 ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ತಿಳಿದವರೆಲ್ಲರ ಕರ್ತವ್ಯ, ಮುಚ್ಚಿಡುವುದೇ ಅಪರಾಧ.

ಅಷ್ಟು ಆಗಿಲ್ಲದಿದ್ದರೆ ಮೊದಲ ಭೇಟಿ ಮೊದಲ ಭೇಟಿಯಂತೆಯೇ ಇರಲಿ. ಬರುವ ಭಾನುವಾರ ಅಕ್ಕ ಬೆಳಗಿನ ಬಸ್ಸು ಹಿಡಿದು ದೇವಿಮನೆ ಘಟ್ಟ ಹತ್ತಲಿ. ಕೈಯಲ್ಲಿ ಮೀನು ಬೇಡ, ಅವಳು ಬಿಟ್ಟಿದ್ದನ್ನು ಒಪ್ಪಿಕೊಂಡಂತೆ ಆಗಲಿ. ಅವಳಿಗೆ ಚಿಕ್ಕಂದಿನಿಂದ ಇಷ್ಟವಾದ, ಮೀನಿಲ್ಲದ ಯಾವುದಾದರೂ ಒಂದು ತಿಂಡಿ ಇರಲಿ. 'ಮನೆಗೆ ಬಾ' ಎನ್ನುವುದು ಬೇಡ, 'ಹಸಿವಾಗಿದೆಯಾ' ಎನ್ನಲಿ. ಧ್ಯಾನದ ಬಗ್ಗೆ ಅವಳೇ ಹೇಳಿದರೆ ಕೇಳಿಸಿಕೊಳ್ಳಲಿ, ವಾದ ಬೇಡ. ಎರಡು ಗಂಟೆ ಕೂತು ಎದ್ದು ಬರಲಿ, ಮುಂದಿನ ಸಲ ಯಾವತ್ತು ಬರುತ್ತೇನೆಂದು ತಾರೀಕು ಹೇಳಿ ಬರಲಿ, ಹೇಳಿದ ತಾರೀಕಿಗೆ ಹೋಗಲಿ.

ನಿಮ್ಮ ಮಗನನ್ನೂ ಜೊತೆಗೆ ಕಳಿಸಿ. ಚೀಲ ಹಿಡಿಯಲು ದೊಡ್ಡಮ್ಮನಿಗೆ ಒಬ್ಬ ಬೇಕಲ್ಲ. ಆ ಭಾನುವಾರ ಮಾಜಾಳಿ ತಪ್ಪುತ್ತದೆ. ಅಕ್ಕನ ಮಗಳೂ ನಿಮ್ಮ ಮಗನೂ ರೂಮಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತರೆ, ನಮಗೆ ಯಾರಿಗೂ ಹೇಳದ್ದನ್ನು ಅವರಿಬ್ಬರು ಒಬ್ಬರಿಗೊಬ್ಬರು ಹೇಳಿಕೊಂಡಾರು. ನೀವು ಹೋಗಬೇಡಿ, ದೊಡ್ಡವರು ಒಬ್ಬರೇ ಸಾಕು. ಅವರು ಮರಳಿ ಬರುವ ಹೊತ್ತಿಗೆ ಮುಖ್ಯೋಪಾಧ್ಯಾಯರಿಗೆ ಕೊಡುವ ಕಾಗದ ಬರೆದಿಟ್ಟಿರಿ, ಸೋಮವಾರ ಶಾಲೆ ಇದೆ.